ನಕ್ಷೆಯಲ್ಲಿ ವಿಮಾನ ಕಾಣುತ್ತಿಲ್ಲವೇ? ಮನೆಯ ಎಡಿಎಸ್-ಬಿ ರಿಸೀವರ್ ಕೈಕೊಟ್ಟಾಗ ಹುಡುಕುವ ಕ್ರಮ

ನಕ್ಷೆ ಖಾಲಿ ಕಂಡ ಕೂಡಲೇ ಏಣಿ ತರಬೇಡಿ. ವಿಮಾನಗಳು ತಾವೇ ಹೇಳುವ ಜಾಗ, ಎತ್ತರವನ್ನು ಕೇಳಿಸಿಕೊಂಡು ನಕ್ಷೆಯಲ್ಲಿ ತೋರಿಸುವ ಈ ರಿಸೀವರ್‌ಗಳು ನಮ್ಮ ಕಾಸರಗೋಡಿನ ಕಡೆ ಕೈಕೊಡುವುದು ಹೆಚ್ಚಾಗಿ ಮಳೆಗಾಲದಲ್ಲೇ. ಆಗ ತಾರಸಿ ತುಂಬ ಪಾಚಿ, ಹಂಚಿನ ಮಾಡು ಒದ್ದೆ, ಮೇಲಿಂದ ಗುಡುಗು. ಮಾಡಿಗೆ ಹತ್ತಲೇಬೇಕಾದ ದೋಷಗಳೂ ಇವೆ, ಇಲ್ಲವೆಂದಲ್ಲ. ಆದರೆ ಕುರ್ಚಿಯಲ್ಲಿ ಕೂತು ಪರದೆ ನೋಡಿಯೇ ಅರ್ಧಕ್ಕರ್ಧ ತೀರ್ಮಾನ ಮಾಡಬಹುದು. ದೋಷ ಮೇಲಿದೆಯೋ ಕೆಳಗಿದೆಯೋ ಎಂದು ಗೊತ್ತಾದ ಮೇಲೆ ಏಣಿಯ ಮಾತು.

ಇದು ಯಾರಿಗಾಗಿ ಅಂದರೆ, ಮನೆಯಲ್ಲಿ ಒಂದು ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ (ಯುಎಸ್‌ಬಿಗೆ ಚುಚ್ಚುವ ಚಿಕ್ಕ ರೇಡಿಯೋ ರಿಸೀವರ್), ಒಂದು ರಾಸ್ಪ್‌ಬೆರಿ ಪೈ (ಅಂಗೈಯಷ್ಟು ದೊಡ್ಡ ಕಂಪ್ಯೂಟರ್), ಮಾಡಿನ ಮೇಲೆ ಒಂದು ಆಂಟೆನಾ ಇಟ್ಟುಕೊಂಡು, ಸಿಗ್ನಲ್ ಓದುವ ರೀಡ್‌ಎಸ್‌ಬಿ ಅಥವಾ ಡಂಪ್1090 ಪ್ರೋಗ್ರಾಂ ಓಡಿಸಿ, ಟಾರ್1090 ನಕ್ಷೆಯಲ್ಲಿ ವಿಮಾನ ನೋಡುವವರಿಗೆ. ಫ್ಲೈಟ್‌ರಾಡಾರ್24, ಫ್ಲೈಟ್‌ಅವೇರ್‌ನಂಥ ವಿಮಾನ ತೋರಿಸುವ ಜಾಲತಾಣಗಳಿಗೆ ಮಾಹಿತಿ ಕಳಿಸುವವರಿಗೂ ಇದೇ ಕ್ರಮ ಸಾಕು.

ಮೊದಲು ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳಿ. ನಮ್ಮ ಪೆಟ್ಟಿಗೆ ರಾಡಾರ್ ಅಲ್ಲ. ವಿಮಾನ ನಿಲ್ದಾಣದ ಪ್ರೈಮರಿ ರಾಡಾರ್ ತಾನೇ ರೇಡಿಯೋ ಅಲೆ ಕಳಿಸಿ, ವಿಮಾನದ ಮೈಗೆ ತಾಗಿ ವಾಪಸ್ ಬಂದದ್ದನ್ನು ಹಿಡಿಯುತ್ತದೆ. ಸೆಕೆಂಡರಿ ರಾಡಾರ್ 1030 ಮೆಗಾಹರ್ಟ್ಸ್‌ನಲ್ಲಿ ಪ್ರಶ್ನೆ ಕೇಳುತ್ತದೆ, ವಿಮಾನದ ಟ್ರಾನ್ಸ್‌ಪಾಂಡರ್ 1090ರಲ್ಲಿ ಉತ್ತರ ಕೊಡುತ್ತದೆ. ಎಡಿಎಸ್-ಬಿ ಇರುವ ವಿಮಾನ ಯಾರೂ ಕೇಳದಿದ್ದರೂ ತನ್ನ ಜಾಗ, ಎತ್ತರ, ವೇಗವನ್ನು ಅದೇ 1090ರಲ್ಲಿ ಹೇಳುತ್ತಲೇ ಇರುತ್ತದೆ. ನಾವು ಸುಮ್ನೆ ಕೇಳಿಸಿಕೊಳ್ಳುವವರು. ಹಾಗಾಗಿ ನಕ್ಷೆಯಲ್ಲಿ ಏನೋ ತಪ್ಪಿದೆ ಅಂದರೆ ಕಾರಣ ಮೂರು ಕಡೆ ಇರಬಹುದು: ವಿಮಾನ ಹೇಳುತ್ತಿಲ್ಲ, ದಾರಿಯಲ್ಲಿ ಏನೋ ಅಡ್ಡ ಇದೆ, ಅಥವಾ ನಮ್ಮ ಕಿವಿ ಸರಿಯಿಲ್ಲ.

ಎಲ್ಲ ಸರಿ ಇರುವಾಗಲೇ ಮೂರು ಅಂಕೆ ಬರೆದಿಡಿ

ಸೆಕೆಂಡಿಗೆ ಎಷ್ಟು ಮೆಸೇಜ್, ಒಟ್ಟು ಎಷ್ಟು ವಿಮಾನ, ಅತಿ ದೂರದ ವಿಮಾನ ಎಷ್ಟು ಕಿಲೋಮೀಟರ್. ಈ ಮೂರೂ ನಕ್ಷೆಯ ಪುಟದಲ್ಲೇ ಇರುತ್ತವೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ರಾತ್ರಿ ಒಮ್ಮೆ ನೋಡಿ ಗೋಡೆಯ ಕ್ಯಾಲೆಂಡರ್ ಮೇಲೆ ಬರೆದರೂ ಸಾಕು. ಇದಿಲ್ಲದೆ ಯಾರಿಗೂ ದೋಷ ಹುಡುಕಲು ಆಗುವುದಿಲ್ಲ, ಯಾಕೆಂದರೆ "ಕಡಿಮೆ ಆಯಿತು" ಅನ್ನುವುದು ಯಾವುದಕ್ಕಿಂತ ಕಡಿಮೆ ಎಂದು ಗೊತ್ತಿರಬೇಕು, ಅಲ್ವಾ?

ಇನ್ನೊಂದು ಲೆಕ್ಕವೂ ಉಪಯೋಗಕ್ಕೆ ಬರುತ್ತದೆ. ಹಾರುತ್ತಿರುವ ಒಂದು ವಿಮಾನ ಸೆಕೆಂಡಿಗೆ ಸುಮಾರು 2 ಸಲ ತನ್ನ ಜಾಗ ಹೇಳುತ್ತದೆ, 2 ಸಲ ವೇಗ ಹೇಳುತ್ತದೆ, 5 ಸೆಕೆಂಡಿಗೊಮ್ಮೆ ತನ್ನ ಕಾಲ್‌ಸೈನ್ (ಆ ಹಾರಾಟದ ಹೆಸರು) ಹೇಳುತ್ತದೆ. ರಾಡಾರ್‌ಗೆ ಕೊಡುವ ಉತ್ತರಗಳು ಬೇರೆ. ಪಟ್ಟಿಯಲ್ಲಿ 20 ವಿಮಾನ ಇದ್ದು ಸೆಕೆಂಡಿಗೆ 15 ಮೆಸೇಜ್ ಮಾತ್ರ ಬರುತ್ತಿದ್ದರೆ, ಅವು ಹೇಳುವುದರಲ್ಲಿ ಹೆಚ್ಚಿನದು ನಿಮಗೆ ತಪ್ಪಿಹೋಗುತ್ತಿದೆ ಎಂದೇ ಅರ್ಥ. ವಿಮಾನದ ಸಂಖ್ಯೆಗಿಂತ ಈ ಮೆಸೇಜ್ ಲೆಕ್ಕವೇ ನನಗೆ ಜಾಸ್ತಿ ನಂಬಿಕೆಯದು.

ನಕ್ಷೆಯ ಪುಟವೇ ತೆರೆಯುತ್ತಿಲ್ಲ

ಇದಕ್ಕೂ ಆಂಟೆನಾಕ್ಕೂ ಸಂಬಂಧವೇ ಇಲ್ಲ. ಕರೆಂಟು ಹೋಗಿ ಬಂದ ಮೇಲೆ ಹೀಗಾದರೆ ಮೊದಲು ರೌಟರ್ ನೋಡಿ. ರೌಟರ್ ಹೊಸದಾಗಿ ಶುರುವಾದಾಗ ಪೈಗೆ ಬೇರೆ ಐಪಿ ವಿಳಾಸ ಕೊಟ್ಟಿರಬಹುದು, ನೀವು ಹಳೆಯದನ್ನೇ ತೆರೆಯುತ್ತಾ ಇರುತ್ತೀರಿ. ರೌಟರ್‌ನ ಪುಟದಲ್ಲಿ ಯಾವ್ಯಾವ ಸಾಧನ ಜೋಡಿಯಾಗಿದೆ ಎಂಬ ಪಟ್ಟಿ ಇರುತ್ತದೆ, ಅಲ್ಲಿ ಪೈ ಇದೆಯೇ ನೋಡಿ. ಇದ್ದರೆ ಅದಕ್ಕೆ ಒಂದೇ ವಿಳಾಸ ಕಾಯಂ ಮಾಡಿಬಿಡಿ.

ಪಟ್ಟಿಯಲ್ಲೇ ಇಲ್ಲವಾದರೆ ಪೈಯ ದೀಪ ನೋಡಿ. ಕೆಂಪು ದೀಪ ಉರಿಯುತ್ತಿದೆ, ಹಸಿರು ದೀಪ ಒಮ್ಮೆಯೂ ಮಿನುಗುತ್ತಿಲ್ಲ ಅಂದರೆ ಮೆಮೊರಿ ಕಾರ್ಡ್ ಓದಲು ಆಗುತ್ತಿಲ್ಲ. ಬರೆಯುತ್ತಿರುವಾಗಲೇ ಕರೆಂಟು ಹೋದರೆ ಕಾರ್ಡ್ ಕೆಡುತ್ತದೆ, ಮಳೆಗಾಲದಲ್ಲಿ ದಿನಕ್ಕೆ ಹಲವು ಸಲ ಕರೆಂಟು ಹೋಗುವ ನಮ್ಮ ಊರುಗಳಲ್ಲಿ ಇದು ಮಾಮೂಲು. ಬೇರೆ ಕಾರ್ಡ್‌ನಲ್ಲಿ ಹೊಸದಾಗಿ ಸಾಫ್ಟ್‌ವೇರ್ ಹಾಕಿ ನೋಡಿ. ಎಲ್ಲ ಸರಿ ಮಾಡಿದ ದಿನವೇ ಕಾರ್ಡ್‌ನ ಒಂದು ಪ್ರತಿ ತೆಗೆದಿಟ್ಟುಕೊಂಡರೆ ಮುಂದಿನ ಸಲ ಅರ್ಧ ಗಂಟೆಯ ಕೆಲಸ.

ಒಂದು ಎಚ್ಚರಿಕೆ. ರೌಟರ್‌ಗೆ ಇಟ್ಟಿರುವ ಚಿಕ್ಕ ಯುಪಿಎಸ್ ಹೆಚ್ಚಾಗಿ 12 ವೋಲ್ಟ್‌ನದು. ಪೈಗೆ ಬೇಕಾದ್ದು 5 ವೋಲ್ಟ್. ಪಿನ್ನು ಹೇಗೋ ಹೊಂದಿಸಿ ಚುಚ್ಚಿದರೆ ಪೈ ಸುಟ್ಟುಹೋಗುತ್ತದೆ. 5 ವೋಲ್ಟ್ ಬೇರೆಯಾಗಿ ಕೊಡುವ ಯುಪಿಎಸ್ ಇದ್ದರೆ ಮಾತ್ರ ಬಳಸಿ.

ಪುಟ ತೆರೆಯುತ್ತದೆ, ಒಂದೂ ವಿಮಾನ ಇಲ್ಲ

ಮೆಸೇಜ್ ಅಂಕೆ ನೋಡಿ. ಪೂರ್ತಿ ಸೊನ್ನೆಯೋ, ಇಲ್ಲ ಆಗೊಂದು ಈಗೊಂದು ಬರುತ್ತಿದೆಯೋ? ಇವೆರಡೂ ಬೇರೆ ಬೇರೆ ದೋಷ.

ಪೂರ್ತಿ ಸೊನ್ನೆಯಾದರೆ ಡಾಂಗಲ್ ಕಡೆ ನೋಡಿ. ಮುಟ್ಟಿದರೆ ಬೆಚ್ಚಗಿರಬೇಕು. ಕೆಲಸ ಮಾಡುವ ಡಾಂಗಲ್ ಬಿಸಿಯಾಗುತ್ತದೆ, ತಣ್ಣಗಿದ್ದರೆ ಅದು ಎದ್ದೇ ಇಲ್ಲ. ತೆಗೆದು ಬೇರೆ ಯುಎಸ್‌ಬಿ ಕಿಂಡಿಗೆ ಹಾಕಿ. ಹಾಗೂ ಆಗದಿದ್ದರೆ ಒಂದು ಲ್ಯಾಪ್‌ಟಾಪ್‌ಗೆ ಹಾಕಿ ಗುರುತು ಹಿಡಿಯುತ್ತದೆಯೇ ನೋಡಿ. ಹೊಸದಾಗಿ ಸಿಸ್ಟಂ ಹಾಕಿದ ಮೇಲೆ ಶುರುವಾದ ಸೊನ್ನೆಯಾದರೆ ಕಾರಣ ಬೇರೆ. ಈ ಡಾಂಗಲ್‌ಗಳ ಒಳಗಿನ ಆರ್‌ಟಿಎಲ್2832ಯು ಚಿಪ್ಪು ಮೂಲದಲ್ಲಿ ಟಿವಿ ನೋಡಲು ಮಾಡಿದ್ದು. ಲಿನಕ್ಸ್ ಅದನ್ನು ಕಂಡ ಕೂಡಲೇ ತನ್ನ ಟಿವಿ ಡ್ರೈವರ್ ಹಾಕಿಕೊಂಡು ಕೂತುಬಿಡುತ್ತದೆ, ನಮ್ಮ ಪ್ರೋಗ್ರಾಂಗೆ ಬಿಟ್ಟುಕೊಡುವುದಿಲ್ಲ. ಆ ಟಿವಿ ಡ್ರೈವರನ್ನು ಬ್ಲಾಕ್‌ಲಿಸ್ಟ್‌ಗೆ (ಬಳಸಬಾರದ ಡ್ರೈವರ್‌ಗಳ ಪಟ್ಟಿಗೆ) ಸೇರಿಸಿ ಪೈಯನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿ.

ಆಗೊಂದು ಈಗೊಂದು ಮೆಸೇಜ್ ಬರುತ್ತಿದೆ ಅಂದರೆ ಡಾಂಗಲ್ ಜೀವಂತ ಇದೆ, ಆಂಟೆನಾದಿಂದ ಏನೂ ಇಳಿಯುತ್ತಿಲ್ಲ. ಕೆಳಗಿನ ಕನೆಕ್ಟರ್ ಬಿಗಿಯಾಗಿದೆಯೇ ಕೈಯಲ್ಲೇ ತಿರುಗಿಸಿ ನೋಡಿ. ಮೇಲೆ ಸಿಗ್ನಲ್ ಹೆಚ್ಚಿಸುವ ಆಂಪ್ಲಿಫೈಯರ್ ಇಟ್ಟವರು ಬಯಾಸ್-ಟೀ (ಆಂಟೆನಾ ಕೇಬಲ್‌ನಲ್ಲೇ ಮೇಲಕ್ಕೆ ಕರೆಂಟು ಕಳಿಸುವ ಆಯ್ಕೆ) ಆನ್ ಇದೆಯೇ ನೋಡಬೇಕು. ಆ ಆಂಪ್ಲಿಫೈಯರ್‌ಗೆ ಕರೆಂಟು ಹೋಗುವುದು ಅದೇ ಕೇಬಲ್‌ನಲ್ಲಿ. ಸಾಫ್ಟ್‌ವೇರ್ ಅಪ್‌ಡೇಟ್ ಆದಾಗ ಬಯಾಸ್-ಟೀ ಆಯ್ಕೆ ಅಳಿಸಿಹೋದರೆ ಆಂಪ್ಲಿಫೈಯರ್ ಸತ್ತ ಹಾಗೆ, ಸಿಗ್ನಲನ್ನು ತಾನೇ ತಡೆದು ನಿಲ್ಲಿಸುತ್ತದೆ. ನಡುವೆ ಟಿವಿಯ ಸ್ಪ್ಲಿಟರ್ ಇದ್ದರೆ ಅದನ್ನು ತೆಗೆದುಬಿಡಿ. ಕೇಬಲ್ ಟಿವಿಯವರ ಸಾಮಾನು 1000 ಮೆಗಾಹರ್ಟ್ಸ್‌ಗೇ ಮುಗಿಯುತ್ತದೆ, ನಮಗೆ ಬೇಕಾದ್ದು 1090.

ಇಲ್ಲಿ ಒಂದು ಒಳ್ಳೆಯ ಪರೀಕ್ಷೆ ಇದೆ, ಖರ್ಚಿಲ್ಲ. ಡಾಂಗಲ್ ಜೊತೆ ಬಂದ ಚಿಕ್ಕ ಆಂಟೆನಾವನ್ನು ಹುಡುಕಿ ತನ್ನಿ. ಸಿಗದಿದ್ದರೆ 69 ಮಿಲಿಮೀಟರ್ ಉದ್ದದ ತಾಮ್ರದ ತಂತಿಯಾದರೂ ಆದೀತು, 1090ರ ಅಲೆಯ ಕಾಲು ಭಾಗ ಅಷ್ಟೇ. ಅದನ್ನು ನೇರವಾಗಿ ಡಾಂಗಲ್‌ಗೆ ಜೋಡಿಸಿ ಕಿಟಕಿಯ ಹತ್ತಿರ ನಿಲ್ಲಿಸಿ. ಒಂದೆರಡು ವಿಮಾನ ಬಂದರೆ ಪೈ, ಡಾಂಗಲ್, ಸಾಫ್ಟ್‌ವೇರ್ ಎಲ್ಲ ಸರಿ ಇದೆ, ದೋಷ ಮೇಲಿದೆ. ಬರದಿದ್ದರೆ ಮಾಡಿಗೆ ಹತ್ತುವ ಅಗತ್ಯವೇ ಇಲ್ಲ, ದೋಷ ನಿಮ್ಮ ಮೇಜಿನ ಮೇಲಿದೆ. ಏಣಿ ಬೇಕೋ ಬೇಡವೋ ಎಂದು ಹೇಳುವುದು ಈ ಪರೀಕ್ಷೆಯೇ. ಯಾವ ಲಕ್ಷಣ ಕಂಡರೂ ಇದನ್ನು ಬಿಡಬೇಡಿ.

ಆಗಾಗ ನಿಲ್ಲುತ್ತದೆ, ಮತ್ತೆ ತಾನೇ ಶುರುವಾಗುತ್ತದೆ

ಇದು ಹೆಚ್ಚಾಗಿ ಕರೆಂಟಿನದ್ದೇ ದೋಷ. ಹಳೆಯ ಮೊಬೈಲ್ ಚಾರ್ಜರ್, ತೆಳ್ಳಗಿನ ಕೇಬಲ್ ಹಾಕಿದ್ದರೆ ಮೊದಲು ಅದನ್ನು ಬದಲಿಸಿ. ಪೈ 3ಕ್ಕೆ 5.1 ವೋಲ್ಟ್, 2.5 ಆಂಪಿಯರ್ ಬೇಕು. ಪೈ 4ಕ್ಕೆ 3 ಆಂಪಿಯರ್. ಚಾರ್ಜರ್ ಮೇಲೆ ಅಷ್ಟು ಬರೆದಿದ್ದರೂ ತೆಳ್ಳಗಿನ ಕೇಬಲ್‌ನಲ್ಲಿ ವೋಲ್ಟೇಜ್ ಇಳಿದುಹೋಗುತ್ತದೆ. 4.63 ವೋಲ್ಟ್‌ಗಿಂತ ಕೆಳಗೆ ಇಳಿದರೆ ಪೈ ತಾನೇ ಎಚ್ಚರಿಕೆ ಕೊಡುತ್ತದೆ. ಪರದೆ ಜೋಡಿಸಿದ್ದರೆ ಮಿಂಚಿನ ಗುರುತು ಕಾಣುತ್ತದೆ, ಇಲ್ಲವಾದರೆ ಲಾಗ್‌ನಲ್ಲಿ ಕಡಿಮೆ ವೋಲ್ಟೇಜ್ ಎಂದು ದಾಖಲಾಗಿರುತ್ತದೆ. ಇಂಥ ಹೊತ್ತಿಗೆ ಮೊದಲು ಬೀಳುವುದು ಡಾಂಗಲ್.

ಸಂಜೆ ಹೊತ್ತು ಮಾತ್ರ ಹೀಗಾಗುತ್ತದೆಯೇ? ಎಲ್ಲ ಮನೆಯಲ್ಲೂ ದೀಪ, ಫ್ಯಾನು, ಪಂಪು ಓಡುವಾಗ ಮನೆಯ ವೋಲ್ಟೇಜೇ ಇಳಿದಿರಬಹುದು. ಮಧ್ಯಾಹ್ನ ಮಾತ್ರ ಆಗುತ್ತದೆಯೇ? ಹಾಗಾದರೆ ಬಿಸಿ. ಏಪ್ರಿಲ್‌ನಲ್ಲಿ ಶೀಟಿನ ಮಾಡಿನ ಅಡಿಯಲ್ಲಿ ಮುಚ್ಚಿದ ಡಬ್ಬಿಯೊಳಗೆ ಪೈ ಇಟ್ಟರೆ 80 ಡಿಗ್ರಿ ತಲುಪುವುದು ಕಷ್ಟವಲ್ಲ, ಅಲ್ಲಿಂದ ಅದು ತನ್ನ ವೇಗ ತಾನೇ ಇಳಿಸಿಕೊಳ್ಳುತ್ತದೆ. ನೆರಳಿಗೆ ತನ್ನಿ, ಗಾಳಿಗೆ ದಾರಿ ಮಾಡಿ. ಹೊರಗೆ ಇಟ್ಟ ಡಬ್ಬಿಯಾದರೆ ತೆರೆಯುವ ಮೊದಲು ಸ್ವಿಚ್ ಆಫ್ ಮಾಡಿ, ಒಳಗೆ ಇರುವೆ ಗೂಡು ಕಟ್ಟಿದೆಯೇ, ಹಲ್ಲಿ ಹೊಕ್ಕಿದೆಯೇ ನೋಡಿ. ನಮ್ಮ ಕಡೆ ಇದು ದೊಡ್ಡ ಕಾರಣ.

ಮೊದಲು ದೂರ ಕಾಣುತ್ತಿತ್ತು, ಈಗ ಇಲ್ಲ

ದೂರ ಕಡಿಮೆಯಾಯಿತು ಎಂದು ಹೇಳುವವರಿಗೆ ನಾನು ಕೇಳುವುದು ಒಂದೇ: ಒಂದೇ ದಿನದಲ್ಲಿ ಆಯಿತೇ, ನಿಧಾನವಾಗಿ ಆಯಿತೇ?

ಒಂದೇ ದಿನದಲ್ಲಿ ಕಡಲಿನ ಕಡೆಯ ದೂರ ಮಾತ್ರ ಕಡಿಮೆಯಾಗಿದ್ದರೆ ಸುಮ್ಮನಿರಿ. ಕೆಲವು ದಿನ ಅರಬ್ಬಿ ಕಡಲಿನ ಮೇಲಿನ ಗಾಳಿಯ ಪದರಗಳಲ್ಲಿ ಅಲೆಗಳು ಬಾಗಿ ಮಾಮೂಲಿಗಿಂತ ಎಷ್ಟೋ ದೂರದಿಂದ ಬರುತ್ತವೆ. ನಿನ್ನೆಯದ್ದು ವಿಶೇಷ, ಇವತ್ತಿನದ್ದೇ ಸಹಜ. ಎಲ್ಲ ದಿಕ್ಕಿನಲ್ಲೂ ಒಟ್ಟಿಗೆ ಬಿದ್ದಿದ್ದರೆ ಆಂಪ್ಲಿಫೈಯರ್ ಸತ್ತಿರಬಹುದು, ಕನೆಕ್ಟರ್ ಕಳಚಿರಬಹುದು. ಹಿಂದಿನ ರಾತ್ರಿ ಸಿಡಿಲು ಹೊಡೆದಿದ್ದರೆ ಅದನ್ನೇ ಮೊದಲು ಅನುಮಾನಿಸಿ.

ಮಳೆ ಶುರುವಾದ ಮೇಲೆ ನಿಧಾನವಾಗಿ ಇಳಿಯುತ್ತಾ ಬಂದಿದ್ದರೆ ನೀರು ಹೊಕ್ಕಿರಬಹುದು. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಮಳೆಯಿಂದ ಸಿಗ್ನಲ್ ಕಡಿಮೆಯಾಗುತ್ತದೆ ಎಂದು ತುಂಬಾ ಜನ ನಂಬಿದ್ದಾರೆ, ಡಿಶ್ ಟಿವಿ ಮಳೆಗೆ ನಿಲ್ಲುವುದನ್ನು ನೋಡಿ ಬಂದ ನಂಬಿಕೆ ಅದು. ಡಿಶ್ ಟಿವಿಯ ಅಲೆ ಬೇರೆ, 10 ಗಿಗಾಹರ್ಟ್ಸ್‌ಗಿಂತ ಮೇಲಿನದು. 1090 ಮೆಗಾಹರ್ಟ್ಸ್‌ನ ಅಲೆಗೆ ಬೀಳುವ ಮಳೆ ಲೆಕ್ಕಕ್ಕೇ ಇಲ್ಲ. ತೊಂದರೆ ಕೊಡುವುದು ಕನೆಕ್ಟರ್ ಒಳಗೆ ನಿಂತ ನೀರು ಮತ್ತು ಆಂಟೆನಾದ ಎದುರಿಗಿರುವ ಒದ್ದೆ ಎಲೆ. ಮಳೆ ನಿಂತು ಎರಡು ದಿನ ಬಿಸಿಲು ಬಂದಾಗ ದೂರ ತಾನೇ ವಾಪಸ್ ಬಂದರೆ ಎಲೆಯೋ ನೀರೋ ಎಂದು ಖಚಿತ. ಬಿಸಿಲು ಬಂದ ಕೆಲವೇ ಗಂಟೆಯಲ್ಲಿ ಸರಿಯಾದರೆ ಎಲೆ. ದಿನಗಟ್ಟಲೆ ಹಿಡಿದರೆ, ಅಥವಾ ಪೂರ್ತಿ ವಾಪಸ್ ಬರದಿದ್ದರೆ, ನೀರು ಕೇಬಲ್‌ನೊಳಗೆ ಇಳಿದಿದೆ.

ಹಾಗಿದ್ದರೆ ಮಲ್ಟಿಮೀಟರ್ ತನ್ನಿ. ಕೇಬಲ್‌ನ ಎರಡೂ ತುದಿ ಕಳಚಿ, ನಡುವಿನ ತಂತಿಗೂ ಹೊರಗಿನ ಜಾಲರಿಗೂ ಓಮ್ ಅಳೆಯಿರಿ. ಏನೂ ತೋರಿಸಬಾರದು. ಏನಾದರೂ ಅಂಕೆ ಬಂದರೆ ಒಳಗೆ ತೇವ ಇದೆ. ಆಂಟೆನಾ ಜೋಡಿಸಿಕೊಂಡೇ ಅಳೆಯಬೇಡಿ, ಯಾಕೆಂದರೆ ಕೆಲವು ಆಂಟೆನಾಗಳು ಒಳಗೇ ಶಾರ್ಟ್ ಆಗಿರುವ ಹಾಗೆ ಮಾಡಿದವು, ಸೊನ್ನೆ ತೋರಿಸುವುದೇ ಅವುಗಳ ಸಹಜ ಗುಣ. ಅಂಥ ಆಂಟೆನಾಕ್ಕೆ ನೇರವಾಗಿ ಬಯಾಸ್-ಟೀ ಆನ್ ಮಾಡುವುದೂ ಬೇಡ. ತೇವ ಹೊಕ್ಕ ಕೇಬಲನ್ನು ಒಣಗಿಸಿ ಬಳಸುವ ಆಸೆ ಬಿಡಿ. ತುದಿಯಲ್ಲಿ ಕಿಲುಬು ಹಿಡಿದಿದ್ದರೆ ಜಾಲರಿ ಹೊಳೆಯುವ ಜಾಗದವರೆಗೆ ಕತ್ತರಿಸಿ ಹೊಸ ಕನೆಕ್ಟರ್ ಹಾಕಿ, ಹೊಳೆಯುವ ಜಾಗವೇ ಸಿಗದಿದ್ದರೆ ಕೇಬಲ್ ಬದಲಿಸಿ. ಉಪ್ಪಳ, ಕುಂಬಳೆ, ಬೇಕಲದ ಹಾಗೆ ಕಡಲ ಹತ್ತಿರ ಇರುವವರಿಗೆ ಉಪ್ಪುಗಾಳಿಯಿಂದ ಇದು ಬೇಗ ಬರುತ್ತದೆ.

ಹೊಸದಾಗಿ ಜೋಡಿಸುವಾಗ ಮೇಲೆ ಬರೀ ಕಪ್ಪು ಪಿವಿಸಿ ಟೇಪ್ ಸುತ್ತಬೇಡಿ. ಅದು ನೀರನ್ನು ತಡೆಯುವುದಕ್ಕಿಂತ ಒಳಗೆ ಹಿಡಿದಿಡುವುದೇ ಹೆಚ್ಚು. ಎಳೆದು ಸುತ್ತಿದರೆ ತನಗೆ ತಾನೇ ಅಂಟಿಕೊಳ್ಳುವ ರಬ್ಬರ್ ಟೇಪ್ ಸಿಗುತ್ತದೆ. ಮೊದಲು ಅದು, ಅದರ ಮೇಲೆ ಪಿವಿಸಿ. ಕೇಬಲ್ ಮನೆಯೊಳಗೆ ಬರುವ ಮೊದಲು ಕೆಳಕ್ಕೆ ಒಂದು ಬಳಸು ಇಳಿಬಿಡಿ, ನೀರು ಅಲ್ಲೇ ತೊಟ್ಟಿಕ್ಕುತ್ತದೆ.

ಶುರುವಿನಿಂದಲೂ ದೂರ ಕಡಿಮೆಯೇ

ಮೊದಲು ಎಷ್ಟು ನಿರೀಕ್ಷಿಸಬಹುದು ಎಂದು ತಿಳಿಯಿರಿ. ಈ ಅಲೆ ಹೆಚ್ಚುಕಡಿಮೆ ನೇರ ಹೋಗುತ್ತದೆ, ಭೂಮಿ ಗುಂಡಗಿದೆ. ಎತ್ತರವನ್ನು ಮೀಟರ್‌ನಲ್ಲಿ ತೆಗೆದುಕೊಂಡು ಅದರ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ಕಿಲೋಮೀಟರ್‌ನಲ್ಲಿ ದೂರ ಸಿಗುತ್ತದೆ. 35,000 ಅಡಿಯ ವಿಮಾನಕ್ಕೆ ಸುಮಾರು 425 ಕಿಲೋಮೀಟರ್, 10 ಮೀಟರ್ ಎತ್ತರದ ನಿಮ್ಮ ಆಂಟೆನಾಕ್ಕೆ 13, ಒಟ್ಟು ಸುಮಾರು 440. ಕಡಲಿನ ಕಡೆ ಅಡ್ಡ ಇಲ್ಲದ ಮನೆಗೆ ಇದರ ಹತ್ತಿರ ಹೋಗಬಹುದು.

ಮೂಡು ದಿಕ್ಕಿಗೆ ಈ ಲೆಕ್ಕ ನಡೆಯುವುದಿಲ್ಲ, ಘಟ್ಟ ಇದೆ. ಬದಿಯಡ್ಕದಿಂದ ತಲಕಾವೇರಿಯ ಕಡೆ ನೋಡಿ. ಸುಮಾರು 50 ಕಿಲೋಮೀಟರ್ ದೂರದಲ್ಲಿ 1276 ಮೀಟರ್ ಎತ್ತರದ ಗೋಡೆ ನಿಂತ ಹಾಗೆ. ಅದರ ತಲೆ ದಾಟಿ ಬರಬೇಕಾದ ಅಲೆಗೆ 35,000 ಅಡಿಯ ವಿಮಾನವಾದರೂ 280 ಕಿಲೋಮೀಟರ್ ಆಸುಪಾಸಿಗೇ ಮಿತಿ. ಕೆಳಗೆ ಹಾರುವವು ಇನ್ನೂ ಹತ್ತಿರದಲ್ಲೇ ಮಾಯ. ಬೆಂಗಳೂರಿನ ವಿಮಾನ ನಿಲ್ದಾಣದ ಸುತ್ತ ಇಳಿಯುವ ವಿಮಾನ ಕಾಣುವುದಿಲ್ಲ ಎಂದು ಆಂಪ್ಲಿಫೈಯರ್ ಕೊಂಡುಕೊಂಡರೆ ದುಡ್ಡು ದಂಡ. ನಡುವೆ ಘಟ್ಟವೇ ಇಲ್ಲದಿದ್ದರೂ 300 ಕಿಲೋಮೀಟರ್ ದೂರದಲ್ಲಿ 15,000 ಅಡಿಯ ಕೆಳಗಿನ ವಿಮಾನ ಭೂಮಿಯ ಬಾಗಿನಲ್ಲೇ ಮರೆಯಾಗಿರುತ್ತದೆ.

ಪೆರ್ಲ, ಮುಳ್ಳೇರಿಯ, ಅಡೂರಿನ ಕಡೆ ಗುಡ್ಡೆಯ ಬುಡದಲ್ಲಿ, ಅಡಿಕೆ ತೋಟದ ನಡುವೆ ಮನೆ ಇರುವವರಿಗೆ ಇನ್ನೂ ಕಡಿಮೆಯೇ ಸಿಗುವುದು. ಅಂಥಲ್ಲಿ ಆಂಟೆನಾ ಎರಡು ಮೀಟರ್ ಮೇಲೇರಿ ಅಡಿಕೆಯ ತಲೆ ದಾಟಿದರೆ ಆಗುವ ಪ್ರಯೋಜನ ಯಾವ ಆಂಪ್ಲಿಫೈಯರ್‌ನಿಂದಲೂ ಆಗದು. ತೆಂಗಿನ ಮರಕ್ಕೆ ಮಾತ್ರ ಕಟ್ಟಬೇಡಿ. ಗಾಳಿಗೆ ತೂಗಾಡಿ ಕೇಬಲ್ ಹರಿಯುತ್ತದೆ, ಸಿಡಿಲು ಬೀಳುವುದೂ ಅಂಥ ಒಂಟಿ ಎತ್ತರದ ಮರಕ್ಕೇ.

ಆಮೇಲೆ ಕೇಬಲ್. ತೆಳ್ಳಗಿನ ಆರ್‌ಜಿ-58 ಹತ್ತು ಮೀಟರ್ ಎಳೆದರೆ 6 ಡೆಸಿಬಲ್ ಅಥವಾ ಅದಕ್ಕೂ ಜಾಸ್ತಿ ಹೋಗುತ್ತದೆ. 6 ಡೆಸಿಬಲ್ ಅಂದರೆ ನೀವು ಕೇಳಬಹುದಾಗಿದ್ದ ದೂರ ಅರ್ಧಕ್ಕೆ ಇಳಿದ ಹಾಗೆ. ಡಿಶ್‌ನವರು ಹಾಕುವ ಒಳ್ಳೆಯ ಆರ್‌ಜಿ-6 ಅಷ್ಟೇ ಉದ್ದಕ್ಕೆ 2 ಡೆಸಿಬಲ್ ತಿನ್ನುತ್ತದೆ, ಬೆಲೆಯೂ ಕಡಿಮೆ. ಅದು 75 ಓಮ್‌ನದು, ಡಾಂಗಲ್ 50 ಓಮ್‌ನದು ಎಂದು ಹೆದರಬೇಡಿ. ಬರೀ ಕೇಳುವ ಕೆಲಸಕ್ಕೆ ಆ ವ್ಯತ್ಯಾಸ ತೀರಾ ಚಿಕ್ಕದು.

ಹತ್ತಿರದ ವಿಮಾನ ಕಾಣೆ, ಇಲ್ಲದ ವಿಮಾನ ಪಟ್ಟಿಯಲ್ಲಿ

ತಲೆ ಮೇಲೆ ಹೋಗುವ ವಿಮಾನ ಕಣ್ಣಿಗೆ ಕಾಣುತ್ತದೆ, ನಕ್ಷೆಯಲ್ಲಿ ಬಿಟ್ಟು ಬಿಟ್ಟು ಬರುತ್ತದೆ. ದೂರದ್ದು ಚೆನ್ನಾಗಿದೆ. ಇದು ಗೇನ್ (ಡಾಂಗಲ್ ಸಿಗ್ನಲನ್ನು ಹಿಗ್ಗಿಸುವ ಪ್ರಮಾಣ) ಜಾಸ್ತಿಯಾದ ಲಕ್ಷಣ. ದೊಡ್ಡ ವಿಮಾನದ ಟ್ರಾನ್ಸ್‌ಪಾಂಡರ್ ನೂರಾರು ವಾಟ್‌ನಲ್ಲಿ ಕೂಗುತ್ತದೆ, ಹತ್ತಿರದಿಂದ ಅದು ಬಂದರೆ ಡಾಂಗಲ್‌ಗೆ ತಡೆಯುವುದಿಲ್ಲ. ಗೇನ್ 49.6ರಲ್ಲಿ ಇಟ್ಟಿದ್ದರೆ ಒಂದೊಂದೇ ಮೆಟ್ಟಿಲು ಇಳಿಸಿ, ಪ್ರತಿ ಸಲ ಒಂದು ಪೂರ್ತಿ ದಿನ ಬಿಟ್ಟು ನೋಡಿ. ಗಲ್ಫ್ ವಿಮಾನಗಳ ರಾತ್ರಿಯನ್ನು ಖಾಲಿ ಮಧ್ಯಾಹ್ನದ ಜೊತೆ ಹೋಲಿಸಿದರೆ ತೀರ್ಮಾನ ತಪ್ಪುತ್ತದೆ.

ಇನ್ನೊಂದು ಲಕ್ಷಣ, ಒಂದೇ ಮೆಸೇಜ್ ಕೊಟ್ಟು ಮಾಯವಾಗುವ ವಿಮಾನಗಳು. ಪ್ರತಿ ವಿಮಾನಕ್ಕೂ 24 ಬಿಟ್‌ನ ಒಂದು ಗುರುತು ಇರುತ್ತದೆ. ಭಾರತದಲ್ಲಿ ನೋಂದಾಯಿಸಿದವು 80ರಿಂದ 83ರ ಒಳಗಿನ ಅಂಕೆಗಳಿಂದ ಶುರುವಾಗುತ್ತವೆ, ಯುಎಇಯವು 896ರಿಂದ. ಯಾವ ದೇಶಕ್ಕೂ ಸೇರದ ಗುರುತುಗಳು ರಾಶಿ ರಾಶಿ ಬಂದರೆ ಅದು ಗದ್ದಲವನ್ನೇ ಮೆಸೇಜ್ ಎಂದು ಓದಿದ್ದು. ಗೇನ್ ಇಳಿಸಿದರೆ ಕಡಿಮೆಯಾಗಬೇಕು.

ಇಳಿಸಿದರೂ ಸರಿಯಾಗದಿದ್ದರೆ ಹತ್ತಿರ ಮೊಬೈಲ್ ಟವರ್ ಇದೆಯೇ ನೋಡಿ. ನಮ್ಮಲ್ಲಿ ಟವರ್‌ಗಳು 870ರಿಂದ 960 ಮೆಗಾಹರ್ಟ್ಸ್‌ವರೆಗಿನ ಜಾಗದಲ್ಲೂ ಕೂಗುತ್ತವೆ, 1090ಕ್ಕೆ ಅದು ಪಕ್ಕದ ಮನೆ. ಇದಕ್ಕೆ 1090ರ ಫಿಲ್ಟರ್ ಹಾಕಬೇಕು. ಆಂಪ್ಲಿಫೈಯರ್ ಇದ್ದರೆ, ಟವರ್ ತೀರಾ ಹತ್ತಿರ ಇರುವಲ್ಲಿ ಫಿಲ್ಟರ್ ಅದರ ಮೊದಲೇ ಇರುವುದು ಒಳ್ಳೆಯದು.

ಪಟ್ಟಿಯಲ್ಲಿದೆ, ನಕ್ಷೆಯಲ್ಲಿಲ್ಲ

ಹೊಸದಾಗಿ ಕಂಡ ವಿಮಾನವಾದರೆ ಕಾಯಿರಿ. ಜಾಗದ ಮಾಹಿತಿ ಸಮ ಮತ್ತು ಬೆಸ ಎಂದು ಎರಡು ತುಂಡಾಗಿ ಬರುತ್ತದೆ, 10 ಸೆಕೆಂಡಿನ ಒಳಗೆ ಎರಡೂ ಸಿಕ್ಕರೆ ಮಾತ್ರ ಮೊದಲ ಸಲ ಜಾಗ ಗೊತ್ತಾಗುವುದು. ದೂರದ ವಿಮಾನದಲ್ಲಿ ಒಂದು ಸಿಕ್ಕಿ ಒಂದು ತಪ್ಪುತ್ತಿರುತ್ತದೆ.

ತುಂಬಾ ಹೊತ್ತಾದರೂ ಬರದಿದ್ದರೆ ಆ ವಿಮಾನದಲ್ಲಿ ಎಡಿಎಸ್-ಬಿ ಇಲ್ಲ, ರಾಡಾರ್‌ಗೆ ಉತ್ತರ ಮಾತ್ರ ಕೊಡುತ್ತಿದೆ. ಕೆಲವು ಹೆಲಿಕಾಪ್ಟರ್, ಸಣ್ಣ ವಿಮಾನ, ಸೇನೆಯ ವಿಮಾನಗಳು ಹೀಗೆ. ಇಂಥವುಗಳ ಜಾಗವನ್ನು ಎಂಲ್ಯಾಟ್ ಲೆಕ್ಕ ಹಾಕುತ್ತದೆ, ಒಂದೇ ಸಿಗ್ನಲ್ ಬೇರೆ ಬೇರೆ ರಿಸೀವರ್‌ಗೆ ತಲುಪಿದ ಹೊತ್ತಿನ ವ್ಯತ್ಯಾಸದಿಂದ. ಅದಕ್ಕೆ ಸಾಮಾನ್ಯವಾಗಿ 4 ರಿಸೀವರ್ ಬೇಕು. ಸುತ್ತಮುತ್ತ ಅಷ್ಟು ಜನ ಇಲ್ಲವಾದರೆ ನಿಮ್ಮ ಪೆಟ್ಟಿಗೆಯಲ್ಲಿ ಯಾವ ದೋಷವೂ ಇಲ್ಲ. ನಿಮ್ಮ ಕೈಯಲ್ಲಿರುವುದು ಎರಡೇ: ಆಂಟೆನಾದ ಜಾಗವನ್ನು ಹತ್ತು ಮೀಟರ್ ಒಳಗೆ ಸರಿಯಾಗಿ ಕೊಡುವುದು, ಪೈಯ ಗಡಿಯಾರ ಇಂಟರ್‌ನೆಟ್‌ನಿಂದ ಸರಿಯಾದ ಹೊತ್ತು ಪಡೆಯುತ್ತಿದೆಯೇ ನೋಡುವುದು.

ದೂರ, ಎತ್ತರ, ಹೆಸರು ತಪ್ಪು ಬರುತ್ತಿದೆ

ಎಲ್ಲ ವಿಮಾನವೂ ಸಾವಿರಾರು ಕಿಲೋಮೀಟರ್ ದೂರ ಎಂದು ಬಂದರೆ, ಅಥವಾ ಮೆಸೇಜ್ ಚೆನ್ನಾಗಿ ಬರುತ್ತಿದ್ದರೂ ನಕ್ಷೆ ಮಾತ್ರ ಖಾಲಿ ಇದ್ದರೆ, ನಿಮ್ಮ ಅಕ್ಷಾಂಶ ರೇಖಾಂಶ ನೋಡಿ. 12.5 ಮತ್ತು 75 ಅದಲು ಬದಲಾದರೆ ನಿಮ್ಮ ಮನೆ ಸ್ವಾಲ್ಬಾರ್ಡ್ ಬಳಿಯ ಕಡಲಿಗೆ ಹೋಗಿ ಕೂರುತ್ತದೆ. ಆಗ ಸಾಫ್ಟ್‌ವೇರ್ ಇಷ್ಟು ದೂರದಿಂದ ಕೇಳಿಸಲು ಸಾಧ್ಯವಿಲ್ಲ ಎಂದು ಎಲ್ಲವನ್ನೂ ತಳ್ಳಿಹಾಕಬಹುದು. ಒಂದೇ ವಿಮಾನ ಅತ್ತಿತ್ತ ಜಿಗಿಯುತ್ತಿದ್ದರೆ ಅದು ಆ ವಿಮಾನದ ಜಿಪಿಎಸ್ ವಿಷಯ, ನಿಮ್ಮದಲ್ಲ.

ಎತ್ತರದ ಅಂಕೆ ಗಾಳಿಯ ಒತ್ತಡದಿಂದ ಬರುವುದು, 1013.25 ಹೆಕ್ಟೋಪಾಸ್ಕಲ್ ಎಂದು ಇಟ್ಟುಕೊಂಡು. ಮಳೆಗಾಲದಲ್ಲಿ ಒತ್ತಡ 1006ಕ್ಕೆ ಇಳಿದರೆ ಅಂಕೆ ನಿಜಕ್ಕಿಂತ ಸುಮಾರು 200 ಅಡಿ ಜಾಸ್ತಿ ತೋರಿಸುತ್ತದೆ. ಮಂಗಳೂರಿನ ರನ್‌ವೇಯೇ ಸಮುದ್ರ ಮಟ್ಟದಿಂದ 300 ಅಡಿಗಿಂತ ಮೇಲಿದೆ. ಹಾಗಾಗಿ ನೆಲ ಮುಟ್ಟುವ ಹೊತ್ತಿಗೆ 500 ಚಿಲ್ಲರೆ ಅಡಿ ತೋರಿಸಿದರೆ ಅದು ಸರಿಯೇ.

ಹೆಸರಿನ ತೊಂದರೆ ಮನೆಯವರೆಲ್ಲ ಕೇಳುವಂಥದ್ದು. ದುಬೈಯಿಂದ ಮಗ ಬರುತ್ತಾನೆ, ಅಮ್ಮ ಟಿಕೆಟ್‌ನ ನಂಬರ್ ಹಿಡಿದು ನಿಂತಿರುತ್ತಾರೆ, ನಕ್ಷೆಯಲ್ಲಿ ಅದು ಸಿಗುವುದಿಲ್ಲ. ಟಿಕೆಟ್‌ನಲ್ಲಿ ಐಎಕ್ಸ್ (ಏರ್ ಇಂಡಿಯಾ ಎಕ್ಸ್‌ಪ್ರೆಸ್) ಎಂದಿದ್ದರೆ ಆಕಾಶದಲ್ಲಿ ಎಎಕ್ಸ್‌ಬಿ, 6ಇ (ಇಂಡಿಗೋ) ಇದ್ದದ್ದು ಐಜಿಒ, ಇಕೆ (ಎಮಿರೇಟ್ಸ್) ಇದ್ದದ್ದು ಯುಎಇ. ಹಾಗೆ ಹುಡುಕಿ. ಕಾಲ್‌ಸೈನ್ ವಿಮಾನದ ಒಳಗೆ ಹಾಕುವಂಥದ್ದು, ಅಂಕೆಯೂ ಕೆಲವೊಮ್ಮೆ ಟಿಕೆಟ್‌ಗಿಂತ ಬೇರೆ ಇರುತ್ತದೆ. ಆಗ ವಿಮಾನ ಬರುವ ದಿಕ್ಕು ಮತ್ತು ಹೊತ್ತು ನೋಡಿ ಗುರುತಿಸಬೇಕು.

ಮಂಗಳೂರಿಗೆ, ಕಣ್ಣೂರಿಗೆ ಇಳಿಯುವಾಗ ಮಾಯ

ಇದನ್ನು ನೋಡಿ ಗಾಬರಿಯಾಗುವವರಿದ್ದಾರೆ. ಅಮ್ಮಂದಿರಿಗೆ ಮೊದಲೇ ಹೇಳಿಡಿ. ಕಾಸರಗೋಡು ಪೇಟೆಯಿಂದ ಮಂಗಳೂರು ವಿಮಾನ ನಿಲ್ದಾಣ ನೇರ ದೂರದಲ್ಲಿ 50 ಕಿಲೋಮೀಟರ್. ನೆಲ ಬಯಲಾಗಿದ್ದರೆ ರನ್‌ವೇಯ ಅಂಚಿನವರೆಗೂ ಕೇಳಿಸಬೇಕು, ಆದರೆ ನಡುವೆ ಗುಡ್ಡೆ, ಮರ, ಕಟ್ಟಡ. ಕಣ್ಣೂರಿನದ್ದು ಸುಮಾರು 90 ಕಿಲೋಮೀಟರ್, 2018ರ ಡಿಸೆಂಬರ್ 9ರಂದು ಶುರುವಾದ ನಿಲ್ದಾಣ. ಅಲ್ಲಿಗೆ ಇಳಿಯುವ ವಿಮಾನ 1,100 ಅಡಿಯ ಕೆಳಗೆ ಬಂದರೆ ಲೆಕ್ಕದಲ್ಲೇ ಮರೆ, ನಿಜದಲ್ಲಿ ಅದಕ್ಕೂ ಮೊದಲೇ. ಮಾಯವಾದ ವಿಮಾನ ಇಳಿಯುತ್ತಿದೆ ಅಷ್ಟೇ. ಮೊದಲು ಕಾಣುತ್ತಿದ್ದ ಎತ್ತರಕ್ಕಿಂತ ತುಂಬಾ ಮೇಲೆಯೇ ಮಾಯವಾಗಲು ಶುರುವಾದರೆ ಮಾತ್ರ ನಿಮ್ಮ ಕಡೆ ದೋಷ, ಆ ದಿಕ್ಕಿನಲ್ಲಿ ಹೊಸ ಕಟ್ಟಡವೋ ಬೆಳೆದ ಮರವೋ ಇದೆಯೇ ನೋಡಿ.

ಪಟ್ಟಿಯಲ್ಲಿ 7700, 7600, 7500 ಎಂಬ ಸ್ಕ್ವಾಕ್ (ಪೈಲಟ್ ಟ್ರಾನ್ಸ್‌ಪಾಂಡರ್‌ನಲ್ಲಿ ಹಾಕುವ ನಾಲ್ಕು ಅಂಕೆಯ ಸಂಕೇತ) ಕಂಡರೆ ಅವು ಕ್ರಮವಾಗಿ ತುರ್ತು, ರೇಡಿಯೋ ಕೆಟ್ಟದ್ದು, ಅಪಹರಣದ ಗುರುತು. ನಿಯಂತ್ರಣದವರ ಪರದೆಯಲ್ಲಿ ಅದು ನಮಗಿಂತ ಚೆನ್ನಾಗಿ ಕಾಣುತ್ತಿರುತ್ತದೆ. ಒಂದೇ ಮೆಸೇಜ್‌ನಲ್ಲಿ ಬಂದದ್ದು ತಪ್ಪು ಓದಿದ್ದೂ ಇರಬಹುದು. ವಾಟ್ಸಾಪ್‌ನಲ್ಲಿ ಹಂಚಬೇಡಿ, ಆ ವಿಮಾನದಲ್ಲಿ ಯಾರದೋ ಮನೆಯವರಿದ್ದಾರೆ.

ಮಾಡಿಗೆ ಹತ್ತುವ ಮೊದಲು

ಗುಡುಗು ಕೇಳಿಸಿತು ಅಂದರೆ ಆಗಲೇ ತಡ. ಏಪ್ರಿಲ್, ಮೇ, ಮತ್ತೆ ಅಕ್ಟೋಬರ್, ನವೆಂಬರ್‌ನ ಮಧ್ಯಾಹ್ನದ ಮೇಲೆ ಮೋಡ ಕಪ್ಪಾಗುವಾಗಲೇ ಆಂಟೆನಾ ಕೇಬಲ್, ನೆಟ್‌ವರ್ಕ್ ವಯರ್, ಚಾರ್ಜರ್ ಮೂರನ್ನೂ ಕಳಚಿ ದೂರ ಇಡಿ. ಸಿಡಿಲು ಶುರುವಾದ ಮೇಲೆ ಕೇಬಲ್ ಮುಟ್ಟಬೇಡಿ, ರಿಸೀವರ್ ಹೋದರೆ ಹೋಗಲಿ. ಕಂಬಕ್ಕೆ ಅರ್ಥಿಂಗ್ ಬೇಕು, ಅದು ಮನೆಯ ಅರ್ಥಿಂಗ್ ಜೊತೆ ಜೋಡಿಯಾಗಿರಬೇಕು. ಇದನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ನಿಂದಲೇ ಮಾಡಿಸಿ. ಅಷ್ಟಾದರೂ ನೇರ ಬಿದ್ದ ಸಿಡಿಲಿಗೆ ಅದು ತಡೆಯಲ್ಲ.

ಕಂಬ ಎಬ್ಬಿಸುವ ಜಾಗದ ಹತ್ತಿರ ವಿದ್ಯುತ್ ಲೈನ್ ಇದ್ದರೆ, ಕಂಬ ಯಾವ ಕಡೆ ಬಿದ್ದರೂ ಲೈನಿಗೆ ತಾಗದಷ್ಟು ದೂರ ಇರಬೇಕು. ಇಲ್ಲವಾದರೆ ಆ ಜಾಗ ಬಿಡಿ. ಅಲ್ಯೂಮಿನಿಯಂ ಏಣಿಗೂ ಇದೇ ಮಾತು. ಒದ್ದೆ ಹಂಚಿನ ಮೇಲೆ, ಪಾಚಿ ಹಿಡಿದ ಕೆಂಪುಕಲ್ಲಿನ ಗೋಡೆಯ ಮೇಲೆ ಕಾಲಿಡಬೇಡಿ. ಒಬ್ಬರೇ ಹತ್ತಬೇಡಿ. ಆಂಟೆನಾದ ಕೆಲಸ ನಾಲ್ಕು ದಿನ ಬಿಸಿಲು ಬರುವವರೆಗೆ ಕಾಯುತ್ತದೆ. ಏಣಿ ಅಭ್ಯಾಸ ಇಲ್ಲದವರು ಡಿಶ್ ಹಾಕುವ ಹುಡುಗರನ್ನು ಕರೆಯಿರಿ, ಕೂಲಿ ಕೊಡಿ. ಕೆಳಗೆ ಕೂತು ಮಾಡುವ ಪರೀಕ್ಷೆ ಎಲ್ಲ ನೀವು ಮಾಡಿಟ್ಟಿದ್ದರೆ ಅವರಿಗೆ ಮೇಲೆ ಹತ್ತು ನಿಮಿಷದ ಕೆಲಸ.

ಮತ್ತೊಂದು. ಕೆಲವರು ಪರೀಕ್ಷೆಗೆಂದು 1090ರಲ್ಲಿ ತಾವೇ ಸಿಗ್ನಲ್ ಕಳಿಸಿ ನೋಡುವ ಯೋಚನೆ ಮಾಡುತ್ತಾರೆ. ಖಂಡಿತ ಬೇಡ. ಅದೇ ತರಂಗದಲ್ಲಿ ನಿಜವಾದ ವಿಮಾನಗಳು ಒಂದರಿಂದೊಂದು ದೂರ ಇರಲು ಮಾತಾಡಿಕೊಳ್ಳುತ್ತಿರುತ್ತವೆ.

ಯಾರನ್ನಾದರೂ ಕೇಳುವಾಗ

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಏನು ಮಾಡಿದಿರಿ ಎಂದು ಬರೆದಿಡಿ. ಇಷ್ಟೆಲ್ಲ ಆದರೂ ಸರಿಯಾಗದಿದ್ದರೆ ಗೊತ್ತಿರುವವರನ್ನು ಕೇಳಿ. "ಕೆಲಸ ಮಾಡ್ತಿಲ್ಲ ಅಣ್ಣಾ" ಎಂದಷ್ಟೇ ಹೇಳಿದರೆ ಅವರೂ ಏನು ಮಾಡಿಯಾರು? ಹಳೆಯ ಮೂರು ಅಂಕೆ, ಇವತ್ತಿನ ಮೂರು ಅಂಕೆ, ಗೇನ್ ಎಷ್ಟು, ಕೇಬಲ್ ಯಾವುದು, ಎಷ್ಟು ಉದ್ದ, ಮೇಲೆ ಆಂಪ್ಲಿಫೈಯರ್ ಇದೆಯೇ, ಕಿಟಕಿಯ ಹತ್ತಿರ ಚಿಕ್ಕ ಆಂಟೆನಾ ಇಟ್ಟಾಗ ಏನು ಬಂತು, ದೋಷ ಶುರುವಾದ ದಿನ ಮಳೆಯೋ ಸಿಡಿಲೋ ಕರೆಂಟು ಹೋದದ್ದೋ ಏನಾಗಿತ್ತು. ಜೊತೆಗೆ ಆಂಟೆನಾದಿಂದ ನಾಲ್ಕು ದಿಕ್ಕಿಗೆ ತೆಗೆದ ನಾಲ್ಕು ಫೋಟೋ, ಅದೂ ಬಿಸಿಲಿನ ದಿನ ತೆಗೆದಿಟ್ಟುಕೊಂಡದ್ದು.